ನೀರು ಬಿಡದ ಎಲೆ

ಊಟಕ್ಕೆ ಕೂತವರ ಮನೆಗೆ ಸಾವಿನ ಸುದ್ದಿ ತಂದವರು, ಅವರು ಕೈ ತೊಳೆಯುವ ತನಕ ಬಾಯಿ ಬಿಡುವುದಿಲ್ಲ. ಮಾದೇಶನೂ ಜಗಲಿಯ ಕಂಬಕ್ಕೆ ಒರಗಿ ಕಾದ. ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಕೆ.ಆರ್. ನಗರದಿಂದ ಹುಣಸೂರಿಗೆ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರ್ ಅವನು. ಹೊಸ ಅಗ್ರಹಾರದ ಈ ಮನೆಗೆ ಬಂದದ್ದು ಇದೇ ಮೊದಲು. ಒಳಗೆ ಮುದುಕ ಚಲುವಯ್ಯ, ಅವನ ಮಗ ಕಾಂತರಾಜು ಮುದ್ದೆ ಮುರಿಯುತ್ತಿದ್ದರು. ಹಿಂದಿನ ದಿನ ಬಿದ್ದ ತುಂತುರಿಗೆ ಪೈರು ನೆನೆದು ಭತ್ತದ ಕುಯಿಲು ನಿಂತಿದ್ದರಿಂದ ಗಂಡಸರು ಮನೆಯಲ್ಲಿದ್ದರು. ಇಲ್ಲದಿದ್ದರೆ ಮುಂದಿನದ್ದೊಂದೂ ಆಗುತ್ತಿರಲಿಲ್ಲ.

ಚಲುವಯ್ಯನ ಹೆಂಡತಿ ಚಾಮುಂಡಮ್ಮ ಬಾಗಿಲಿಗೆ ಬಂದು ಯಾರು, ಏನು ಎಂದು ವಿಚಾರಿಸಿದಳು. ಅವನು ಪುಟ್ಟಿಯನ್ನು ಕರೆಯಿರಿ ಎಂದ. ಅಡುಗೆಮನೆಯಲ್ಲಿ ಹೆಂಗಸರ ಪಾಲಿನ ಮುದ್ದೆ ಕಟ್ಟುತ್ತಿದ್ದ ಪುಟ್ಟಿ ಆ ದನಿಯನ್ನು ಗುರುತು ಹಿಡಿದು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಚಾಮುಂಡಮ್ಮನ ಮೊಮ್ಮಗಳು, ಹತ್ತೊಂಬತ್ತರ ಹುಡುಗಿ.

“ಮಾದೇಶಣ್ಣ, ಏನು ಇಲ್ಲಿಗಂಟ?”

ಒಳಗೆ ಕೈ ತೊಳೆದ ಸದ್ದಾಗಿತ್ತು. ಮಾದೇಶ ಬಾಯಿ ಬಿಟ್ಟ.

“ನರ್ಸವ್ವ ಓಗ್ಬುಟ್ರು ಕಣ್ ಪುಟ್ಟಿ. ಇವತ್ ಬೆಳಗ್ಗೆ. ಮಕ್ಳಿಗೆ ತಲೆ ಬಾಚ್ತಾ ಕೂತಿದ್ರು. ಅಂಗೇ ಒರಗ್ಬುಟ್ರು.”

ಪುಟ್ಟಿ ಅಳಲಿಲ್ಲ. ಕೈಗೆ ಅಂಟಿದ ಹಿಟ್ಟನ್ನು ವೇಲಿಗೆ ಒರೆಸಿಕೊಳ್ಳುತ್ತ ನಿಂತಳು. ನಾಳೆ ಹತ್ತು ಗಂಟೆಗೆ ಮಣ್ಣು ಮಾಡುತ್ತೇವೆ, ನಾಡಿದ್ದು ಹಾಲು ತುಪ್ಪ, ನನ್ನಂತೆ ಆಶ್ರಮದಲ್ಲಿ ಬೆಳೆದವರಿಗೆಲ್ಲ ಹೇಳಿ ಕಳಿಸಿದ್ದೇವೆ ಎಂದು ಮಾದೇಶ ಹೇಳುತ್ತಿರುವಾಗ ಕಾಂತರಾಜು ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದ. ಮಾದೇಶ ಅವನ ಕಡೆ ತಿರುಗಿ ಕೈ ಮುಗಿದು, ಇವರು ಯಾರಾಗಬೇಕು ಎಂದು ಪುಟ್ಟಿಯನ್ನು ಕೇಳಿದ. ಪುಟ್ಟಿ ಬಾಯಿ ತೆರೆಯುವ ಮೊದಲೇ ಚಾಮುಂಡಮ್ಮ ಹೇಳಿಬಿಟ್ಟಳು.

“ಇವಳ ಚಿಕ್ಕಪ್ಪ. ನಿಂಗಯ್ಯ ಅಂತ.”

ಹಿತ್ತಲಿನ ಬಾವಿಯಿಂದ ನೀರು ಬರುವುದಕ್ಕಿಂತ ಬೇಗ ಆ ಹೆಂಗಸಿನ ಬಾಯಿಗೆ ಸುಳ್ಳು ಬರುತ್ತಿತ್ತು. ನಾನು ಇವಳ ಅಪ್ಪ ಎಂದು ಕಾಂತರಾಜು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ತನ್ನ ಮನೆಯ ಬಾಗಿಲಲ್ಲಿ, ತನ್ನ ಮಗಳ ಎದುರಿಗೆ, ನಿಂಗಯ್ಯನಾಗಿ ನಿಂತ. ಮಾದೇಶನಿಗೆ ಇದರ ಸುಳಿವೇ ಇಲ್ಲ. ಅವನು ಸಮಾಧಾನ ಹೇಳುವ ದನಿಯಲ್ಲಿ ಮುಂದುವರಿಸಿದ.

“ನಿಮ್ಮಣ್ಣನ್ನ ಇವಳು ಮರ್ತಿಲ್ಲ ಕಣಣ್ಣ. ಪಿತೃಪಕ್ಷದಲ್ಲಿ ವರ್ಷಾ ವರ್ಷಾ ಎಡೆ ಮಡುಗ್ತಿದ್ಲು. ಕಾಂತರಾಜಪ್ಪಂಗೆ ಅಂತ ಎಸ್ರು ಯೋಳಿ ಮಡುಗ್ತಿದ್ಲು. ತೀರ್ಕಂಡ ನಮ್ಮವ್ವನ ಎಲೆ, ಅದರ ಪಕ್ಕಕ್ಕೆ ಇವರಪ್ಪನ ಎಲೆ.”

ಹೊಸಲಿನ ಒಳಗೆ ತಟ್ಟೆ ಎತ್ತುತ್ತಿದ್ದ ಕಾಂತರಾಜುವಿನ ಹೆಂಡತಿ ಪ್ರಮೀಳಾ ಹಾಗೇ ಬಗ್ಗಿ ನಿಂತುಬಿಟ್ಟಳು. ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಮಾದೇಶ ಬಸ್ಸಿಗೆ ಹೊತ್ತಾಯಿತೆಂದು ಹೊರಟ.

ಕಥೆ ಹದಿನಾಲ್ಕು ವರ್ಷದ ಹಿಂದಿನದು. ಕಾಂತರಾಜುವಿನ ಮೊದಲ ಹೆಂಡತಿ ಸರ್ವಮಂಗಳ ಎರಡನೇ ಹೆರಿಗೆಯಲ್ಲಿ ಕೂಸಿನ ಸಮೇತ ತೀರಿಕೊಂಡಾಗ ಪುಟ್ಟಿಗೆ ಐದು ವರ್ಷ. ಗಂಡಿಗೆ ಇನ್ನೂ ವಯಸ್ಸಿತ್ತು, ಕಾಲುವೆ ನೀರಿನ ಗದ್ದೆಯೂ ಇತ್ತು. ಹೆಣ್ಣು ಕೊಡಲು ಬಂದವರೆಲ್ಲ ಮೂಲೆಯಲ್ಲಿ ಆಡುತ್ತಿದ್ದ ಮಗುವನ್ನು ನೋಡಿ ಹಿಂದೆ ಸರಿದರು. ಆಗ ಚಾಮುಂಡಮ್ಮನಿಗೆ ಹುಣಸೂರಿನಾಚೆಯ ಆಶ್ರಮದ ಸುದ್ದಿ ಸಿಕ್ಕಿತು. ಅಂತರಸಂತೆ ಕಡೆ ನರ್ಸ್ ಆಗಿದ್ದ ಸುನಂದಮ್ಮ ಎನ್ನುವವರು ಕೆಲಸ ಬಿಟ್ಟು, ಕೋಟೆ ರಸ್ತೆಯ ಪಕ್ಕ ನಾಡಹೆಂಚಿನ ಮನೆ ಕಟ್ಟಿ, ದಿಕ್ಕಿಲ್ಲದ ಮಕ್ಕಳನ್ನು ಸಾಕುತ್ತಿದ್ದರು. ಅಪ್ಪ ಅವ್ವ ಇಬ್ಬರೂ ಇಲ್ಲದ ಮಕ್ಕಳಿಗೆ ಮಾತ್ರ ಅಲ್ಲಿ ಜಾಗ.

ಆ ದಿನ ಚಲುವಯ್ಯ ಮಗುವನ್ನು ಎತ್ತಿ ಬಸ್ ಹತ್ತಿಸಿದ. ಹುಣಸೂರು ಬರುವ ತನಕ ಚಾಮುಂಡಮ್ಮ ಮೊಮ್ಮಗಳಿಗೆ ಪಾಠ ಹೇಳಿದಳು. ಅಪ್ಪ ಎಲ್ಲಿ ಅಂದರೆ ಸತ್ತೋದ ಅನ್ನಬೇಕು. ಅವ್ವ ಎಲ್ಲಿ ಅಂದರೂ ಅದೇ. ಒಂದೊಂದು ಸ್ಟಾಪಿನಲ್ಲೂ ಮಗುವಿನ ಬಾಯಿಂದ ಹೇಳಿಸಿ ನೋಡಿದಳು. ಕಾಂತರಾಜುಗೆ ಇದು ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬೇಡಿ. ಗೊತ್ತಿತ್ತು. ಗೊತ್ತಿದ್ದೇ ಅವನು ಆವತ್ತು ಬೆಳಗಿನ ಜಾವವೇ ನೀರು ಕಟ್ಟುತ್ತೇನೆಂದು ಗದ್ದೆಗೆ ಹೋಗಿದ್ದ. ಎಡೆಯ ವಿಷಯವೊಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಮಗು ಅದರ ಸೋದರಮಾವನ ಮನೆಯಲ್ಲಿ ಬೆಳೆಯುತ್ತಿದೆ ಎಂದು ಹೇಳಿ ಪ್ರಮೀಳಾಳನ್ನು ತಂದರು. ಶಶಿಕಲಾ ಹುಟ್ಟಿದ ಮೇಲೆ ಪ್ರಮೀಳಾಗೆ ಎರಡು ಬಸಿರು ಇಳಿದು ಮೇಲೇಳಲಾರದಂತೆ ಆಯಿತು. ಮನೆಗೆ ಕೈ ಬೇಕಾಯಿತು. ಚಾಮುಂಡಮ್ಮ ಹೋಗಿ ಹನ್ನೆರಡು ವರ್ಷದ ಪುಟ್ಟಿಯನ್ನು ಕರೆದುಕೊಂಡು ಬಂದಳು. ಅಜ್ಜಿಯ ಪ್ರೀತಿ ಉಕ್ಕಿ ಬಂದದ್ದಲ್ಲ. ಹಟ್ಟಿ ಗುಡಿಸಬೇಕಿತ್ತು, ಮುದ್ದೆ ತಿರುವಬೇಕಿತ್ತು. ಪುಟ್ಟಿ ಅದನ್ನೆಲ್ಲ ಮಾಡಿದಳು. ಬಂದ ದಿನದಿಂದ ಅವಳಲ್ಲಿ ಒಂದು ಅಭ್ಯಾಸವಿತ್ತು. ಅಪ್ಪ ಊಟಕ್ಕೆ ಕೂರುವ ಮೊದಲೇ ಅವನ ತಟ್ಟೆಯ ಪಕ್ಕ ತುಂಬಿದ ಚೊಂಬು ನೀರು ತಂದಿಡುತ್ತಿದ್ದಳು. ಉಳಿದವರು ನೀರು ಕೇಳಬೇಕು, ಕಾಂತರಾಜು ಕೇಳಬೇಕಾಗಿರಲಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನು ತಮಾಷೆ ಮಾಡುತ್ತಿದ್ದರು.

ಮಾದೇಶ ಹೋದ ಮೇಲೆ ಪ್ರಮೀಳಾ ತಟ್ಟೆಯನ್ನು ನೆಲಕ್ಕಿಟ್ಟು ಅತ್ತೆಯನ್ನು ಕೇಳಿದಳು. ಸೋದರಮಾವ ಎಂದಿರಿ. ಆಮೇಲೆ ಹಾಸ್ಟೆಲ್ಲು ಎಂದಿರಿ. ಈಗ ಆ ಕಂಡಕ್ಟರ್ ಹೇಳಿದ್ದೇನು?

“ಓಗ್ಲಿ ಬುಡವ್ವ, ಅಳೇದ್ನೆಲ್ಲ ಯಾಕೆ ಕೆರೀತೀಯ,” ಎಂದಳು ಚಾಮುಂಡಮ್ಮ.

“ತಾಳಿ ಕಟ್ಟಿಸ್ಕೊಂಡೋಳು ನಾನು ಅತ್ತೆ. ನನ್ ಗಂಡಂಗೆ ಏಳು ವರ್ಷ ಎಡೆ ಮಡುಗ್ಸವ್ರೆ. ನಾನು ಕೆರೀಬಾರ್ದಾ?”

ಚಾಮುಂಡಮ್ಮ ದನಕ್ಕೆ ನೀರು ತೋರಿಸಲು ಹೋದಳು. ಅವಳಿಗೆ ಬೇರೆ ಚಿಂತೆ ಇತ್ತು. ಪಿರಿಯಾಪಟ್ಟಣದ ಕಡೆಯ ಸಣ್ಣಯ್ಯನ ಮಗನಿಗೆ ಪುಟ್ಟಿಯನ್ನು ಒಪ್ಪಿದ್ದರು. ಇನ್ನು ಎಂಟು ದಿನಕ್ಕೆ ಗಂಡಿನ ಕಡೆಯವರು ಹೂ ಮುಡಿಸಲು ಬರುವವರಿದ್ದರು. ಹುಡುಗಿ ಹಾಸ್ಟೆಲಿನಲ್ಲಿ ಓದಿದವಳು ಎಂದೇ ಅವರಿಗೂ ಹೇಳಿತ್ತು. ಈಗ ಆಶ್ರಮದ ಸಾವಿಗೆ ಹೋಗಿ ಎಲ್ಲರ ಜೊತೆ ಕೂತು ಅತ್ತರೆ ಸುದ್ದಿ ಪಿರಿಯಾಪಟ್ಟಣಕ್ಕೆ ಹೋಗಲು ಎಷ್ಟು ಹೊತ್ತು?

ಸಂಜೆ ಪುಟ್ಟಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಅಪ್ಪನ ಹತ್ತಿರ ಹೋಗಿ ನಿಂತಳು. ಮಣ್ಣಿಗೆ ಹೋಗಿಬರುತ್ತೇನೆ ಎಂದಳು. ಅವಳು ಅವನನ್ನು ಏನನ್ನಾದರೂ ಕೇಳಿದ್ದು ಅಪರೂಪ. ಕಾಂತರಾಜು ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡೇ, “ನೋಡಾನ ಬುಡು, ನಿಮ್ಮಜ್ಜಿ ಏನಂದಾಳೋ,” ಎಂದ. ನಲವತ್ತು ದಾಟಿದ ಗಂಡಸು.

ಮಾರನೆಯ ದಿನ ಬಿಸಿಲು ಬಂತು, ಕುಯಿಲು ಶುರುವಾಯಿತು. ಎಂಟು ಆಳಿಗೆ ಬುತ್ತಿ ಕಟ್ಟಬೇಕಿತ್ತು. ಚಾಮುಂಡಮ್ಮ ಪುಟ್ಟಿಯನ್ನು ಒಲೆಯ ಮುಂದಿಂದ ಏಳಗೊಡಲಿಲ್ಲ. ಹತ್ತು ಗಂಟೆಗೆ ನರ್ಸವ್ವನನ್ನು ಮಣ್ಣು ಮಾಡುವಾಗ ಪುಟ್ಟಿ ಅವರೆಕಾಳಿನ ಸಾರಿಗೆ ಖಾರ ರುಬ್ಬುತ್ತಿದ್ದಳು.

ಮೂರನೆಯ ದಿನವೂ ಅವಳನ್ನು ಕಳಿಸಲಿಲ್ಲ. ಆವತ್ತು ಬೆಳಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ಹಣೆಗೆ ಏನೂ ಇಡದೆ, ಒಂದು ಲೋಟ ಹಾಲಿಗೆ ತುಪ್ಪ ಬೆರೆಸಿ ಹಿತ್ತಲಿಗೆ ಹೋದಳು. ತೆಂಗಿನ ಮರದ ಬುಡದಲ್ಲಿ ಮಣ್ಣನ್ನು ಅಂಗೈಯಗಲ ಹಸನು ಮಾಡಿ, ಹಾಲು ತುಪ್ಪ ಬಿಟ್ಟು ಕೈ ಮುಗಿದಳು. ಸೌದೆಗೆ ಬಂದ ಚಾಮುಂಡಮ್ಮ ನೋಡಿದಳು.

“ಅಯ್ಯೋ ಮುಂಡೇದೆ, ಬದುಕಿರೋರ ಅಟ್ಟೀಲಿ ಆಲು ತುಪ್ಪ ಬುಡ್ತಾರಾ?”

“ಬದುಕಿರೋರಿಗೆ ಎಡೆ ಮಡುಗ್‌ಬೋದಾ ಅಜ್ಜಿ?”

ಪುಟ್ಟಿ ಈ ಮಾತನ್ನು ಜೋರಾಗಿ ಆಡಲಿಲ್ಲ. ಲೋಟ ತೊಳೆದುಕೊಂಡು ಒಳಗೆ ಹೋದಳು. ಚಾಮುಂಡಮ್ಮ ಸೌದೆ ಎತ್ತಿಕೊಳ್ಳುವುದನ್ನು ಮರೆತು ಬರಿಗೈಯಲ್ಲಿ ಹಿಂದಿರುಗಿದಳು.

ಅಂದಿನಿಂದ ಪುಟ್ಟಿ ಸೂತಕ ಹಿಡಿದಳು. ಹೂ ಮುಡಿಯಲಿಲ್ಲ, ಎಣ್ಣೆ ಹಚ್ಚಲಿಲ್ಲ, ಚಾಪೆ ಬಿಟ್ಟು ಬರಿ ನೆಲದಲ್ಲಿ ಮಲಗಿದಳು. ಕೆಲಸ ಮಾತ್ರ ಒಂದೂ ಬಿಡಲಿಲ್ಲ. ಬೈಯಲು ಕಾರಣ ಸಿಗದೆ ಚಾಮುಂಡಮ್ಮ ಕೋಳಿಗಳನ್ನು ಬೈದಳು.

ಒಂದು ಮಧ್ಯಾಹ್ನ ಕಾಲುವೆ ದಂಡೆಯಲ್ಲಿ ಪ್ರಮೀಳಾ, ಪುಟ್ಟಿ ಇಬ್ಬರೇ ಬಟ್ಟೆ ಒಗೆಯುತ್ತಿದ್ದರು. ಪ್ರಮೀಳಾ ಎಡೆಯ ಮಾತು ತೆಗೆದಳು. ನಿಮ್ಮಪ್ಪ ಬದುಕಿರುವುದು ನಿನಗೆ ಗೊತ್ತಿತ್ತಲ್ಲ, ಹೇಗೆ ಇಟ್ಟೆ ಎಂದಳು. ಪುಟ್ಟಿ ಕಾಂತರಾಜುವಿನ ಪಂಚೆಯನ್ನು ಕಲ್ಲಿಗೆ ಬಡಿಯುತ್ತ ಹೇಳಿದಳು. ಆಶ್ರಮದಲ್ಲಿ ಪಿತೃಪಕ್ಷದ ದಿನ ಪ್ರತಿ ಮಗುವಿಗೂ ಎರಡೆರಡು ಎಲೆ ಕೊಡುತ್ತಿದ್ದರು. ನಿಮ್ಮಪ್ಪನಿಗೆ ಏನಿಷ್ಟ, ನಿಮ್ಮವ್ವನಿಗೆ ಏನಿಷ್ಟ ಎಂದು ನರ್ಸವ್ವ ಒಬ್ಬೊಬ್ಬರನ್ನೇ ಕೇಳಿ, ಸಿಕ್ಕಿದ್ದನ್ನು ಮಾಡಿಸುತ್ತಿದ್ದರು. ತಾಯಿತಂದೆಯರನ್ನು ಮಕ್ಕಳು ಮರೆಯಬಾರದು ಎಂದು ಅವರಿಗೆ. ಪುಟ್ಟಿ ಮೊದಲ ವರ್ಷ ಅಪ್ಪನಿಗೆ ಕಜ್ಜಾಯ ಎಂದಿದ್ದಳು.

“ನೀರು ಬುಡ್ದೇ ಇದ್ರೆ ಸತ್ತೋರ್ಗೆ ಎಡೆ ಮುಟ್ಟಲ್ಲ ಅಂತ ಅಜ್ಜಿ ಒಂದ್ಸಲ ಅಂದಿದ್ರು ಚಿಕ್ಕವ್ವ. ಅವ್ವನ ಎಲೇಗೆ ನೀರು ಬುಡ್ತಿದ್ದೆ. ಅಪ್ಪನ ಎಲೇಗೆ ಬುಡ್ತಿರ್ಲಿಲ್ಲ. ಬುಟ್ರೆ ಎಲ್ಲಿ ಸತ್ತೋಯ್ತಾನೋ ಅಂತ.”

ಪ್ರಮೀಳಾ ಕೈಯಲ್ಲಿದ್ದ ಸೋಪು ಕಾಲುವೆಗೆ ಜಾರಿತು. ಅದನ್ನು ಹಿಡಿಯಲು ಅವಳು ಹೋಗಲಿಲ್ಲ.

“ಅದ್ಕೇನಾ ಈಗ ಚೊಂಬಲ್ಲಿ ತುಂಬಿ ತುಂಬಿ ಮಡುಗೋದು?”

ಪುಟ್ಟಿ ತಲೆಯಾಡಿಸಿದಳು. ಏಳು ವರ್ಷ ಕೊಡದ ನೀರು ಎಂದಳು. ನರ್ಸವ್ವನಿಗೆ ನಿಜ ಹೇಳಬೇಕೆಂದು ಎಷ್ಟು ಸಲ ಅಂದುಕೊಂಡಿದ್ದಳೋ. ಹೇಳಿದರೆ ಜಾಗ ಖಾಲಿ ಮಾಡಿಸುತ್ತಾರೆಂಬ ಭಯ ಆಗ; ಇಲ್ಲಿಗೆ ಬಂದ ಮೇಲೆ ಮುಖ ತೋರಿಸಲು ನಾಚಿಕೆ. ಈಗ ಹೇಳಲು ಅವರೇ ಇಲ್ಲ. ಸುದ್ದಿ ಬಂದ ಎಂಟನೆಯ ದಿನ ಪುಟ್ಟಿ ಮೊದಲ ಸಲ ಅತ್ತಳು. ಸವತಿಯ ಮಗಳನ್ನು ಒಮ್ಮೆಯೂ ಮುಟ್ಟಿ ಮಾತಾಡಿಸದಿದ್ದ ಪ್ರಮೀಳಾ ಒದ್ದೆ ಕೈಯನ್ನು ಅವಳ ಬೆನ್ನ ಮೇಲಿಟ್ಟಳು. ಇಷ್ಟು ವರ್ಷ ಈ ಹುಡುಗಿಯಿಂದ ದುಡಿಸಿಕೊಂಡೆನಲ್ಲ ಎಂದು ಅವಳಿಗೂ ನಾಚಿಕೆಯಾಗಿತ್ತು.

ಆ ದಿನ ಊಟಕ್ಕೆ ಕೂತಾಗ ಪ್ರಮೀಳಾ ಸಾರು ಬಡಿಸುತ್ತ, ಗಂಡನಿಗೆ ಚೊಂಬಿನ ಕಥೆಯನ್ನು ಎಲ್ಲರ ಮುಂದೆ ಹೇಳಿದಳು. ಹೆಚ್ಚು ಮಾತಿಲ್ಲ, ನಾಲ್ಕೇ ವಾಕ್ಯ. ಕಾಂತರಾಜು ಪಕ್ಕದ ಚೊಂಬನ್ನು ನೋಡಿದ. ಅದಕ್ಕೆ ಕೈ ಹಾಕಲಾಗಲಿಲ್ಲ. ಎದ್ದು ಹೋಗಿ ಹಿತ್ತಲಿನ ತೊಟ್ಟಿಯಿಂದ ಬೊಗಸೆಯಲ್ಲಿ ಕುಡಿದ. ಹನ್ನೆರಡು ವರ್ಷದ ಶಶಿಗೆ ಇದೆಲ್ಲ ಅರ್ಧಂಬರ್ಧ ತಿಳಿದಿತ್ತು.

“ಅಕ್ಕನ ಅಪ್ಪ ಸತ್ತೋಗಿದ್ರೆ ನಮ್ಮಪ್ಪ ಯಾರು ತಾತ?” ಎಂದು ಕೇಳಿದಳು.

ಚಲುವಯ್ಯನಿಗೆ ಕಿವಿ ಮಂದ ಎಂದು ಮನೆಯವರೆಲ್ಲ ನಂಬಿದ್ದರು. ಬೇಕಾದದ್ದು ಕೇಳಿಸುತ್ತಿತ್ತು. ಅವನು ತುತ್ತನ್ನು ತಟ್ಟೆಗೆ ಬಿಟ್ಟು ಹೆಂಡತಿಯ ಮುಖ ನೋಡಿದ. ಅವಳು ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಗಿಯುತ್ತಿದ್ದಳು.

ಒಂಬತ್ತನೆಯ ದಿನ ಸಣ್ಣಯ್ಯ, ಅವನ ಹೆಂಡತಿ ಭದ್ರಮ್ಮ, ಜೊತೆಗೆ ನಾಲ್ಕು ಜನ ಬಂದರು. ತಟ್ಟೆಯಲ್ಲಿ ಸೀರೆ, ಕೊಬ್ಬರಿ, ಎರಡು ಮಾರು ಮಲ್ಲಿಗೆ, ಕನಕಾಂಬರ. ಒಬ್ಬಟ್ಟಿನ ಊಟ ಸಿದ್ಧವಾಗಿತ್ತು. ಚಾಮುಂಡಮ್ಮ ಬೆಳಗಿನಿಂದ ಪುಟ್ಟಿಯ ಹಿಂದೆ ಬಿದ್ದು ಗೋಗರೆದಿದ್ದಳು, ಗದರಿದ್ದಳು. ಸೀರೆ ಉಟ್ಟುಕೋ ಎಂದದ್ದಕ್ಕೆ ಪುಟ್ಟಿ ಉಟ್ಟಳು. ಕುಂಕುಮಕ್ಕೂ ಹೂವಿಗೂ ಒಪ್ಪಲಿಲ್ಲ. ಒಣ ತಲೆಯಲ್ಲಿ ಬಂದು ಚಾಪೆಯ ಮೇಲೆ ಕೂತಳು.

ಭದ್ರಮ್ಮ ಮಲ್ಲಿಗೆ ಎತ್ತಿದವಳು ಕೈ ಹಿಂದಕ್ಕೆ ತೆಗೆದಳು. ಏನಮ್ಮ, ಮನೆಯಲ್ಲಿ ಏನಾದರೂ ಆಗಿದೆಯಾ ಎಂದಳು. ಚಾಮುಂಡಮ್ಮ ನಗುತ್ತ, ಹಾಸ್ಟೆಲಿನ ಮೇಡಮ್ಮು ಒಬ್ಬರು ಹೋಗಿಬಿಟ್ಟರು, ಹುಡುಗಿ ಹಚ್ಚಿಕೊಂಡಿದ್ದಳು, ಹುಚ್ಚಿ ಎಂದಳು. ಭದ್ರಮ್ಮ ನಗಲಿಲ್ಲ.

“ಸಾಕಿದೋರಾ?” ಎಂದು ಪುಟ್ಟಿಯನ್ನೇ ಕೇಳಿದಳು.

“ಊಂ. ಏಳು ವರ್ಷ. ನಂಗೆ ಅವ್ವ ಇದ್ದಂಗೆ.”

ಭದ್ರಮ್ಮ ಕಾಂತರಾಜುವಿನ ಕಡೆ ತಿರುಗಿದಳು. “ನೀವು ಓಗಿದ್ರಾ ಅಣ್ಣ ಮಣ್ಣಿಗೆ?”

ಕಾಂತರಾಜು ಇಲ್ಲ ಎಂದ. ಹಾಲು ತುಪ್ಪಕ್ಕೆ? ಅದಕ್ಕೂ ಇಲ್ಲ. ಕುಯಿಲಿತ್ತು ಎಂದ. ಅವನ ಕಿವಿ ಕೆಂಪಾಗಿತ್ತು.

“ನಿಮ್ ಮಗೀನ ಏಳು ವರ್ಷ ಸಾಕವ್ರೆ. ಮಣ್ಣಿಗೂ ಓಗಿಲ್ಲ ಅಂತೀರಿ.” ಭದ್ರಮ್ಮ ಮಲ್ಲಿಗೆಯನ್ನು ಮತ್ತೆ ಎಲೆಯಲ್ಲಿ ಸುತ್ತಿ ಪ್ರಮೀಳಾ ಕೈಗೆ ಕೊಟ್ಟಳು. “ಇದ್ನ ದೇವರಿಗಾಕಿ. ಹನ್ನೊಂದು ಕಳದು, ನೀವು ಓಗ್ಬಂದೋ ಅಂತ ಯೋಳಿ ಕಳಿಸಿ. ಆಮೇಕೆ ಬಂದು ಮುಡಿಸ್ತೀವಿ.”

ಅವರು ಒಬ್ಬಟ್ಟು ತಿಂದು, ಮರ್ಯಾದೆಯಾಗಿಯೇ ಹೊರಟರು. ಜಗಳವಾಡಿ ಹೋಗಿದ್ದರೆ ಚಾಮುಂಡಮ್ಮ ವಾರಗಟ್ಟಲೆ ಬೈದುಕೊಂಡು ಇರಬಹುದಿತ್ತು. ಬೈಯಲು ಅವರು ಏನೂ ಬಿಟ್ಟು ಹೋಗಿರಲಿಲ್ಲ.

ಮಾರನೆಯ ದಿನ ಕಣದಲ್ಲಿ ಭತ್ತ ತೂರುತ್ತಿದ್ದಾಗ ಚಲುವಯ್ಯ ಕೋಲೂರಿಕೊಂಡು ಬಂದು ಮಗನ ಪಕ್ಕ ನಿಂತ. ನಾಳೆ ಹನ್ನೊಂದು ಎಂದ. ಕಾಂತರಾಜು ಮೊರ ಅಲ್ಲಾಡಿಸುತ್ತಲೇ ಇದ್ದ.

“ಅವತ್ತು ಮಗೀನ ಎತ್ತಿ ಬಸ್ಸಿಗೆ ಕೂರ್ಸಿದ್ದು ನಾನು ಕಣ್ಲಾ. ಇವತ್ಗೂ ಈ ಕೈ ಅಲ್ಲೇ ಅದೆ. ನನ್ ಕೈಲಿ ಈಗ ಬಸ್ ಅತ್ತಕಾಗಲ್ಲ. ನೀನು ಓಗು.”

ಚಾಮುಂಡಮ್ಮ ಬುತ್ತಿ ತಂದವಳು ಇದನ್ನು ಕೇಳಿಸಿಕೊಂಡಳು. ಈಗಲೂ ಬೇಡವೆನ್ನುತ್ತಾಳೆ ಎಂದು ಗಂಡಸರಿಬ್ಬರೂ ಕಾದರು. ಅವಳು ಬುತ್ತಿಯನ್ನು ಹುಲ್ಲಿನ ಮೇಲಿಟ್ಟು, ಅದರ ಪಕ್ಕದಲ್ಲೇ ಕುಸಿದು ಕೂತಳು.

“ಆಕೇಗೆ ಗೊತ್ತಿತ್ತು ಕಣ್ಲಾ ಕಾಂತ.”

ಏನು ಎಂದ ಕಾಂತರಾಜು.

“ನೀನು ಬದ್ಕಿರೋದು. ಪುಟ್ಟೀನ ಕರ್ಕೊಂಡ್ ಬರಾಕೆ ಓದಾಗ ಆಕೆ ಒಂದ್ ಮಾತೂ ಬೈನಿಲ್ಲ. ನಿಮ್ ಮಗನ್ನ ಒಂದ್ಸಲ ಕಳ್ಸವ್ವ, ಊಟ ಮಾಡ್ಕೊಂಡ್ ಓಗ್ಲಿ ಅಂದ್ಲು. ಅಷ್ಟೇಯ. ಅಲ್ಲೇ ನೆಲ ಬಾಯಿ ಬುಟ್ಟಿದ್ರೆ ಇಳ್ಕಂಬುಡ್ತಿದ್ದೆ. ಯಾವ ಮಖ ಇಟ್ಕೊಂಡು ನಿಂಗೆ ಯೋಳ್ಲಿ? ಆಕೆ ಎದ್ರಿಗೆ ಇನ್ನೊಂದ್ಸಲ ಎಂಗೆ ನಿಂತ್ಕಳ್ಲಿ?”

ಏಳು ವರ್ಷ ಮುಚ್ಚಿಟ್ಟ ಮಾತು. ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳು ಅಷ್ಟು ಹಠ ಹಿಡಿದದ್ದು ಪಿರಿಯಾಪಟ್ಟಣದವರಿಗಾಗಿ ಅಷ್ಟೇ ಅಲ್ಲ ಎಂದು ಕಾಂತರಾಜುಗೆ ಆಗ ತಿಳಿಯಿತು. ಅವಳನ್ನು ಬೈಯುವ ಯೋಗ್ಯತೆ ತನಗಿಲ್ಲವೆಂದೂ ತಿಳಿಯಿತು. ಮೊರ ಕೆಳಗಿಟ್ಟು, ನಾಳೆ ಬೆಳಗ್ಗೆ ಹೊರಡುತ್ತೇವೆ ಎಂದು ಪುಟ್ಟಿಗೆ ಹೇಳಲು ತಾನೇ ಮನೆಗೆ ಹೋದ.

ಹುಣಸೂರಿನಲ್ಲಿ ಬಸ್ ಬದಲಾಯಿಸಿ, ಕೋಟೆ ರಸ್ತೆಯಲ್ಲಿ ಇಳಿದಾಗ ಹನ್ನೊಂದು ಗಂಟೆ. ಪುಟ್ಟಿಯ ಕೈಯಲ್ಲಿ ಹಾಲು ತುಪ್ಪದ ಎರಡು ಸಣ್ಣ ಡಬ್ಬ. ಆಶ್ರಮದ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅಲ್ಲಿ ಬೆಳೆದ ಗಂಡಸರೆಲ್ಲ ತಲೆ ಬೋಳಿಸಿಕೊಂಡಿದ್ದರು: ಮೇಸ್ತ್ರಿ, ಟೈಲರ್, ಹೊಗೆಸೊಪ್ಪು ಬೇಯಿಸುವವನು, ಇಬ್ಬರು ಡ್ರೈವರುಗಳು. ಒಬ್ಬ ತಾಯಿಗೆ ಇಷ್ಟು ಬೋಳು ತಲೆಗಳನ್ನು ಕಾಂತರಾಜು ಎಲ್ಲೂ ನೋಡಿರಲಿಲ್ಲ. ನೀರಿನ ಬಿಂದಿಗೆ ಹೊತ್ತು ಬರುತ್ತಿದ್ದ ಮಾದೇಶ ಇವರನ್ನು ಕಂಡು ನಿಂತ.

“ಬನ್ನಿ ನಿಂಗಯ್ಯಣ್ಣ,” ಎಂದ.

ಸುತ್ತ ಹತ್ತಿಪ್ಪತ್ತು ಜನ ಇದ್ದರು.

“ನಾನು ನಿಂಗಯ್ಯ ಅಲ್ಲ ಕಣಪ್ಪ. ಕಾಂತರಾಜು. ಪುಟ್ಟಿ ಅಪ್ಪ.”

ಮಾದೇಶನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಪುಟ್ಟಿಯನ್ನು ನೋಡಿದ, ಮತ್ತೆ ಕಾಂತರಾಜುವನ್ನು ನೋಡಿದ.

“ನಮ್ಮವ್ವನ ಎಲೆ ಪಕ್ಕದಲ್ಲಿ ನಿಮ್ ಎಲೆ ಇತ್ತು,” ಎಂದ. ಅಷ್ಟು ಹೇಳಿ ಬಿಂದಿಗೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಅಡುಗೆಮನೆ ಕಡೆ ಹೋದ. ಕಪಾಳಕ್ಕೆ ಹೊಡೆದಿದ್ದರೆ ಕಾಂತರಾಜು ತಡೆದುಕೊಳ್ಳುತ್ತಿದ್ದ.

ಸಮಾಧಿ ಹಿಂದುಗಡೆ ಹೊಂಗೆ ಮರದ ಕೆಳಗೆ. ಹತ್ತು ದಿನದ ಮಣ್ಣು ಬಿರುಕು ಬಿಟ್ಟಿತ್ತು. ಪುಟ್ಟಿ ಮಂಡಿಯೂರಿ ಹಾಲು ಬಿಟ್ಟಳು, ತುಪ್ಪ ಬಿಟ್ಟಳು. ಆಮೇಲೆ ಎದುರಿಗೆ ಯಾರೋ ಕೂತಿರುವಂತೆ ಮಾತಾಡಿದಳು.

“ನಾನು ಸುಳ್ಳೇಳಿದ್ದೆ ನರ್ಸವ್ವ. ನಮ್ಮಪ್ಪ ಇದ್ದ. ಏಳು ವರ್ಷ ನಿಮ್ ಅನ್ನ ತಿಂದ್ಕೊಂಡು ಸುಳ್ಳೇಳ್ದೆ.”

ಅವಳ ಹಿಂದೆ ಬಂದು ನಿಂತಿದ್ದವಳು ಪುಟ್ಟಮಾದಮ್ಮ, ಮೊದಲಿನಿಂದಲೂ ಆಶ್ರಮದ ಅಡುಗೆಯವಳು. ಅವಳು ಪುಟ್ಟಿಯ ತೋಳು ಹಿಡಿದು ಎಬ್ಬಿಸಿದಳು. ನರ್ಸವ್ವನಿಗೆ ಗೊತ್ತಾಗಿ ಎಷ್ಟೋ ಕಾಲವಾಗಿತ್ತು ಎಂದಳು. ಮೂರನೇ ವರ್ಷದ ಎಡೆಯಲ್ಲಿ ಅಷ್ಟೂ ಎಲೆಗಳ ನಡುವೆ ಒಂದೇ ಎಲೆಗೆ ನೀರು ಬಿಟ್ಟಿಲ್ಲದ್ದನ್ನು ಅವರು ನೋಡಿದ್ದರು. ಹಿಂದಿನ ವರ್ಷವೂ ಹಾಗೇ ಇತ್ತೆಂದು ನೆನಪಾಗಿತ್ತು. ಮಗುವನ್ನು ಏನೂ ಕೇಳಲಿಲ್ಲ. ಒಂದು ದಿನ ಸುಮ್ಮನೆ ಹೊಸ ಅಗ್ರಹಾರದ ಬಸ್ ಹತ್ತಿ ಹೋಗಿ, ನಾಟಿ ಮಾಡಿಸುತ್ತ ಗದ್ದೆಯಲ್ಲಿ ನಿಂತಿದ್ದ ಕಾಂತರಾಜುವನ್ನು ದೂರದಿಂದ ನೋಡಿಕೊಂಡು ಬಂದಿದ್ದರು.

“ಆವತ್ನಿಂದ ಧೂಪ ಆಕೋ ಮುಂಚೆ ನಿಮ್ಮಪ್ಪನ ಎಲೇನ ತಗ್ದು ಪಕ್ಕಕ್ಕೆ ಮಡುಗ್‌ಬುಡೋರು. ಬದ್ಕಿರೋರ್ದು ಕಾಗೆಗೆ ಬ್ಯಾಡ ಪುಟ್ಟಮಾದಿ ಅನ್ನೋರು. ನಿಂಗೆ ಯಾಕ್ ಯೋಳ್ನಿಲ್ಲ ಅಂತೀಯಾ? ಯೋಳಿದ್ರೆ ನೀನು ನಾಚ್ಕೋತೀಯ ಅಂತ. ಏಳೆಂಟು ವರ್ಷದ್ ಮಗೀಗೆ ನಾಚ್ಕೆ ಯಾಕೆ, ನಾಚ್ಕೊಳೋರು ಬೇರೆ ಅವ್ರೆ ಅನ್ನೋರು.”

ಪುಟ್ಟಿ ಮುದುಕಿಯ ಹೆಗಲಿಗೆ ಮುಖವಿಟ್ಟು ಅತ್ತಳು. ನಾಚಿಕೊಳ್ಳಬೇಕಾದವನು ಮೂರು ಮಾರು ದೂರದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ. ಅವನು ಸಮಾಧಿಯ ಹತ್ತಿರ ಹೋಗಿ ಡಬ್ಬದಲ್ಲಿ ಉಳಿದಿದ್ದ ಒಂದು ಹನಿ ಹಾಲನ್ನು ಬಿಟ್ಟ. ಏನು ಹೇಳಬೇಕೋ ತಿಳಿಯಲಿಲ್ಲ. ನೆಲಕ್ಕೆ ಹಣೆ ತಾಗಿಸಿ ಎದ್ದ.

ಊಟಕ್ಕೆ ಅಂಗಳದಲ್ಲಿ ಎಲೆ ಹಾಕಿದರು. ಮಕ್ಕಳು ಮೊದಲ ಪಂಕ್ತಿ, ಅವರ ಎದುರಿಗೆ ಬಂದವರದು. ಕಾಂತರಾಜು ಶಾಮಿಯಾನದ ಹೊರಗೆ ಉಳಿದ. ಸಾಲು ತುಂಬಿದ ಮೇಲೂ ಕೊನೆಯಲ್ಲಿ ಒಂದು ಎಲೆ ಖಾಲಿ ಇತ್ತು. ಜನ ಜಾಗ ಹುಡುಕಿಕೊಂಡು ಬಂದರೂ ಯಾರೂ ಅಲ್ಲಿ ಕೂರಲಿಲ್ಲ. ಒಬ್ಬ ಹೊಸಬ ಕೂರಲು ಹೋದಾಗ ಎದುರು ಸಾಲಿನ ಮಕ್ಕಳೇ, ಅದು ಬರುವವರದ್ದು, ಅಲ್ಲಿ ಕೂರಬಾರದು ಎಂದು ತಡೆದವು. ಯಾರು ಬರುವವರು ಎಂದರೆ ಆ ಮಕ್ಕಳಿಗೂ ಗೊತ್ತಿರಲಿಲ್ಲ. ನರ್ಸವ್ವ ಎಷ್ಟೋ ವರ್ಷದಿಂದ ದಿನವೂ ಒಂದು ಎಲೆ ಹೆಚ್ಚಿಗೆ ಹಾಕಿಸುತ್ತಿದ್ದರು, ಅಷ್ಟೇ ಅವಕ್ಕೆ ಗೊತ್ತು.

ಪುಟ್ಟಮಾದಮ್ಮ ಬಂದು ಕಾಂತರಾಜುವಿನ ಮುಂದೆ ನಿಂತಳು.

“ಬಾ. ನಿಂದೇ ಅದು.”

ಅವನು ಹೋಗಿ ಕೂತ. ಅನ್ನ ಬಿತ್ತು, ಸಾರು ಬಿತ್ತು. ಕೊನೆಗೆ ಒಂದು ಕಜ್ಜಾಯ. ಅದನ್ನು ಆವತ್ತು ಬೇರೆ ಯಾರ ಎಲೆಗೂ ಬಡಿಸಿರಲಿಲ್ಲ. ಹನ್ನೊಂದರ ಎಡೆಗೆ ನರ್ಸವ್ವನಿಗೆಂದು ಮಾಡಿದ್ದರಲ್ಲಿ ಪುಟ್ಟಮಾದಮ್ಮ ಒಂದನ್ನು ತೆಗೆದಿಟ್ಟಿದ್ದಳು. ಎದುರು ಸಾಲಿನ ಮಕ್ಕಳು ಉಣ್ಣುವುದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು. ಕಡೆಗೂ ಬಂದವನು ಯಾರೆಂದು ಅವರಿಗೆ ಕುತೂಹಲ. ಕಾಂತರಾಜು ಅನ್ನಕ್ಕೆ ಕೈ ಹಾಕಿದ. ಕೈ ಮೇಲಕ್ಕೆ ಬರಲಿಲ್ಲ. ಎದ್ದು ಹೋಗಿಬಿಡೋಣ ಎಂದುಕೊಂಡ, ಅದೂ ಆಗಲಿಲ್ಲ.

ಪುಟ್ಟಿ ಜಗ್ಗು ಹಿಡಿದು ಸಾಲಿನುದ್ದಕ್ಕೂ ನೀರು ಕೊಡುತ್ತ ಬಂದಳು. ಅವನ ಎಲೆಯ ಮುಂದೆ ಬಗ್ಗಿ ಲೋಟವನ್ನು ಅಂಚಿನವರೆಗೆ ತುಂಬಿದಳು.

“ಉಣ್ಣಪ್ಪ,” ಎಂದಳು. “ಇದು ಎಡೆ ಅಲ್ಲ.”

ಸಾಲಿನಲ್ಲಿದ್ದವರಿಗೆಲ್ಲ ಆ ಮಾತು ಕೇಳಿಸಿತು. ಕಾಂತರಾಜು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎಡಗೈಯಿಂದ ಲೋಟ ತೆಗೆದುಕೊಂಡು ನೀರು ಕುಡಿದ.